ಶಹಾಬಾದ್ ಕಲ್ಲಿಗೆ ಏಟು

ಅವ್ವನ ಕಾಲಿನ ಎಲುಬು ಕೂಡಿ ತಿಂಗಳಾಗಿತ್ತು. "ಅಂಜಿಕಿ ಒಂದ ಉಳದೈತ್ರಿ. ಈಗ ನಡೀಲಿಲ್ಲಂದ್ರ ಮುಂದ ನಡಿಯೂದ ಇಲ್ಲ," ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆದರೆ ನಮ್ಮವ್ವ ಕಾಳವ್ವ ಮಂಚ ಇಳಿಯಬೇಕಲ್ಲ! ಜಲನಗರದ ನಮ್ಮ ಮನೆಯ ಅಡುಗೆಕೋಣೆ ಬಾಗಿಲಲ್ಲಿ, ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲಿನ ಮೇಲೆ ಜಾರಿ ಬಿದ್ದ ದಿನದಿಂದ ಆ ಕಲ್ಲನ್ನು ವೈರಿಯಂತೆ ನೋಡುತ್ತಿದ್ದಳು. ಊರಿ ನಡೆಯಲೆಂದು ತಂದ ಕೋಲು ಮಂಚಕ್ಕೆ ಒರಗಿಯೇ ಇತ್ತು.

ಬೀಳುವುದೆಂದರೆ ನಗುವ ವಿಷಯ ಎಂದು ತೋರಿಸೋಣವೆಂದು ಟಿವಿಯಲ್ಲಿ ಹಳೆಯ ಮೂಕಿ ಚಿತ್ರ ಹಚ್ಚಿದೆ. ಕಪ್ಪು-ಬಿಳುಪಿನ ಡುಮ್ಮನೊಬ್ಬ ಏಣಿಯಿಂದ ಉರುಳಿದ. ತಲೆಗೆ ಬಕೆಟ್ ಸಿಕ್ಕಿಕೊಂಡು ಕಂಬಕ್ಕೆ ಡಿಕ್ಕಿ ಹೊಡೆದ. ನಾನೂ ಹೆಂಡತಿ ವಿಜಯಲಕ್ಷ್ಮಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸತೀಶಾ, ಇಂವಗ ಅವ್ವ ಇಲ್ಲೇನಲೇ? ನೆಲಕ್ಕ ನಾಕ ಹೊಡದು ಸಮಾಧಾನ ಮಾಡವ್ರ ಯಾರೂ ಇಲ್ಲಲ್ಲೋ!"

ನಮ್ಮ ಹಳ್ಳಿ ನಿಡೋಣಿಯಲ್ಲಿ ನಾವು ಸಣ್ಣವರಿದ್ದಾಗ ಎಡವಿ ಬಿದ್ದರೆ ಅವ್ವ ಮೊದಲು ನೆಲಕ್ಕೆ ಹೊಡೆಯುತ್ತಿದ್ದಳು. ಆಮೇಲೆಯೇ ನಮ್ಮ ಅಳು ನಿಲ್ಲುತ್ತಿತ್ತು.

ಥತ್, ನಾನೇ ಬಿದ್ದು ನಗಿಸುತ್ತೇನೆಂದು ಎದ್ದೆ. ಸಾಬೂನು ನೀರಿನ ಬಕೆಟ್ ತಂದು, ಓಲಾಡಿ, ಅಷ್ಟಿಷ್ಟು ಚೆಲ್ಲಿ, ದಿಂಬಿನ ಮೇಲೆ ದೊಪ್ಪನೆ ಬಿದ್ದೆ.

"ಐವತ್ತೆರಡು ವರ್ಷದಾಂವ, ನಾಚಿಕಿ ಬರೂದಿಲ್ಲೇನ? ದಿಂಬ ನೋಡಿ ಬಿದ್ದಿ!" ಎಂದು ಅವ್ವ ಬೈದಳು.

ನನಗೆ ಸಿಟ್ಟು ನೆತ್ತಿಗೇರಿತು. ಇವಳಿಗಾಗಿ ಇಷ್ಟೆಲ್ಲ ಮಂಗನಾಟ! ಬಕೆಟ್ ಎತ್ತಿಕೊಂಡು ದಡದಡ ಅಡುಗೆಕೋಣೆಗೆ ಹೊರಟೆ. ನಾನೇ ಚೆಲ್ಲಿದ ನೀರು ಆ ಕಲ್ಲಿನ ಮೇಲೆ ಹರಿದದ್ದು ನೋಡಲಿಲ್ಲ. ಕಾಲೆರಡೂ ಮೇಲೆ, ನಾನು ಕೆಳಗೆ. ಹಾರಿದ ಬಕೆಟ್ ಬಂದು ನನ್ನ ತಲೆಗೇ ಕೂತಿತು. ಒಳಗೆ ಬರೀ ಕತ್ತಲೆ. ಹೊರಗೆ ಠಪ್ ಠಪ್ ಸದ್ದು.

"ನನ್ನ ಮಗನ್ನ ಕೆಡವ್ತಿ? ಕೆಡವ್ತಿ?"

ಬಕೆಟ್ ತೆಗೆದು ನೋಡಿದೆ. ಅವ್ವ! ಒಣ ನೆಲದ ಅಂಚಿಗೆ ನಿಂತು ಕೋಲಿನಿಂದ ಕಲ್ಲಿಗೆ ಬಾರಿಸುತ್ತಿದ್ದಳು. ಮಂಚ ಹತ್ತು ಹೆಜ್ಜೆ ಹಿಂದಿತ್ತು. ಸೊಂಟ ಸುಡುತ್ತಿದ್ದರೂ ಎದ್ದು ಕುಣಿಯಬೇಕೆನಿಸಿತು.

"ಸಾಕ ಬಿಡಬೇ, ನಾಕ ಹೊಡದ್ಯಲ್ಲ."

"ಅವು ನಿನ್ನವು," ಎಂದು ಅವ್ವ ಮತ್ತೆ ಕೋಲೆತ್ತಿದಳು. "ನಾ ಬಿದ್ದಾಗ ಇದಕ್ಕ ಯಾರೂ ಹೊಡೀಲಿಲ್ಲ."

ಕೂತಲ್ಲಿಂದಲೇ ಬಕೆಟ್ಟಿನಿಂದ ಕಲ್ಲಿಗೆ ಒಂದೇಟು ಹಾಕಿದೆ.

"ಇನ್ನೊಂದ ಜೋರ ಹೊಡಿಯೋ," ಎಂದು ಅವ್ವ ನಕ್ಕಳು.