ಹತ್ತುವವನ ಜೇಬಿನ ಫ್ಯೂಸ್

ನನ್ನ ಬಾಯಿ ಕೆಟ್ಟದ್ದು, ಮರ್ಫಿ ಟೌನಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಆದರೆ ಇಪ್ಪತ್ತೆರಡು ವರ್ಷದ ವೈರಿಂಗ್ ಕೆಲಸದಲ್ಲಿ ನನ್ನ ಕೈಕೆಳಗಿನ ಒಬ್ಬನಿಗೂ ಶಾಕ್ ಹೊಡೆದಿರಲಿಲ್ಲ. ನಿಯಮ ಒಂದೇ: ಏಣಿ ಹತ್ತುವವನೇ ಮೇನ್ ಬೋರ್ಡಿನ ಫ್ಯೂಸ್ ಕಿತ್ತು ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಅವನು ಇಳಿಯುವವರೆಗೆ ಕರೆಂಟು ಬರುವ ಮಾತೇ ಇಲ್ಲ.

ತೊಂಬತ್ತೇಳರಲ್ಲಿ ಮುಕ್ತಾರ್ ಬಂದ. ಹೊಡೆದಾಟದಲ್ಲಿ ಒಬ್ಬನನ್ನು ಕೊಂದು ಒಂಬತ್ತು ವರ್ಷ ಜೈಲಿನಲ್ಲಿದ್ದವನು, ವೈರಿಂಗ್ ಕಲಿತದ್ದೂ ಅಲ್ಲೇ. ಶಿವಾಜಿನಗರದಲ್ಲಿ ಯಾರೂ ಕೆಲಸ ಕೊಡಲಿಲ್ಲ. ಅವನ ತಾಯಿ ನೂರ್ಜಹಾನ್ ಮೂರು ದಿನ ನನ್ನ ಅಂಗಡಿಯ ಮೆಟ್ಟಿಲು ಬಿಟ್ಟು ಏಳಲಿಲ್ಲ. ಸಾಕಾಗಿಹೋಯಿತು. ಆರು ತಿಂಗಳು ದುಡಿಯಲಿ, ಸರಿ ಕಂಡರೆ ಸರ್ಕಾರ ಕೊಡುವ ವೈರ್‌ಮನ್ ಪರ್ಮಿಟ್ಟಿನ ಅರ್ಜಿಗೆ ಸಹಿ ಹಾಕುತ್ತೇನೆ ಅಂದೆ.

ಕೆಲಸವೇನೋ ಅಚ್ಚುಕಟ್ಟು. ಆದರೆ ಮಾತಿಲ್ಲದ ಆಸಾಮಿ, ಬೆನ್ನ ಹಿಂದೆ ನಿಂತರೆ ನನ್ನ ಕುತ್ತಿಗೆ ಬೆವರುತ್ತಿತ್ತು. ನಿಜ ಹೇಳುತ್ತೇನೆ, ಹೆದರಿದ್ದೆ. ಅದಕ್ಕೇ, ಹಿಡಿತ ನನ್ನ ಕೈಯಲ್ಲಿರಲಿ ಎಂದು, ಅವನೊಬ್ಬನ ವಿಷಯದಲ್ಲಿ ಮಾತ್ರ ಫ್ಯೂಸನ್ನು ನನ್ನ ಜೇಬಿನಲ್ಲೇ ಇಟ್ಟುಕೊಂಡೆ. ಒಮ್ಮೆ ಕೇಳಿದ.

“ಹತ್ತೋದು ನಾನಲ್ವಾ ಸಾರ್? ಫ್ಯೂಸು ನನ್ ಹತ್ರ ಇರ್ಬೇಕಲ್ಲ?”

ಬಾಯಿ ಮುಚ್ಚಿಕೊಂಡು ಹತ್ತು ಎಂದು ರೇಗಿದೆ.

ಆರನೇ ತಿಂಗಳ ಕೊನೆಯ ವಾರ ಇಂದಿರಾನಗರದ ಒಂದು ಮನೆಯಲ್ಲಿದ್ದೆವು. ಮುಕ್ತಾರ್ ಮಹಡಿಯಲ್ಲಿ, ಏಣಿಯ ಮೇಲೆ, ಬರಿಗೈಯಲ್ಲಿ ತಂತಿ ಸುತ್ತುತ್ತಿದ್ದ. ಟ್ಯಾಂಕು ಖಾಲಿ, ಪಂಪು ಹಾಕಬೇಕು, ಇನ್ನೂ ಎಷ್ಟು ಹೊತ್ತು ಎಂದು ಮನೆಯಾಕೆ ಅಡುಗೆಮನೆಯಿಂದಲೇ ಪೀಡಿಸುತ್ತಿದ್ದರು. ಜೇಬು ಮುಟ್ಟಿ ನೋಡಿಕೊಂಡೆ. ಫ್ಯೂಸ್ ನನ್ನಲ್ಲಿದೆ, ನಾನು ಕೆಳಗಿದ್ದೇನೆ; ಅಂದಮೇಲೆ ಲೈನಿನ ಮೇಲೆ ಯಾರೂ ಇಲ್ಲ. ಇಪ್ಪತ್ತೆರಡು ವರ್ಷದ ಅಭ್ಯಾಸ ಹಾಗೆ ಹೇಳಿತು. ಫ್ಯೂಸ್ ಹಾಕಿದೆ.

ಮೇಲೆ ಏಣಿ ಬಿದ್ದ ಸದ್ದಾಯಿತು.

ಪ್ರಾಣ ಉಳಿಯಿತು. ಬಲಗೈ ಮೊಣಕೈಯವರೆಗೆ ಸುಟ್ಟಿತ್ತು. ಆಸ್ಪತ್ರೆಗೆ ಬಂದ ಪೊಲೀಸಿನವನು ಅವನ ಹಳೆಯ ಕೇಸನ್ನು ಮೊದಲು ವಿಚಾರಿಸಿದ, ಆಮೇಲೆ ಫ್ಯೂಸಿನ ಕಥೆ ಏನು ಎಂದು ನನ್ನ ಕಡೆ ತಿರುಗಿದ.

“ಹತ್ತೋನೇ ಕೀಳ್ಬೇಕು ಸಾರ್, ನಮ್ ರೂಲ್ಸು. ಇವನು ಕೀಳದೆ ಹತ್ತಿದಾನೆ,” ಅಂದೆ. ಥೂ ನನ್ನ ಜನ್ಮಕ್ಕೆ.

ಮುಕ್ತಾರ್ ನನ್ನನ್ನೇ ನೋಡಿದ. ಆಮೇಲೆ ತಪ್ಪು ತನ್ನದೇ ಎಂದು ಹೇಳಿಕೆ ಕೊಟ್ಟು, ಎಡಗೈಯ ಹೆಬ್ಬೆಟ್ಟು ಒತ್ತಿದ. ಪೊಲೀಸಿನವನು ಹೋದ ಮೇಲೆ ಮೆಲ್ಲಗೆ ಕೇಳಿದ.

“ಈಗ ಸಹಿ ಹಾಕ್ತೀರಲ್ಲ ಸಾರ್?”

ಹಾಕುತ್ತೇನೆ ಅಂದೆ. ಅಂಥ ಹೇಳಿಕೆ ಕೊಟ್ಟವನಿಗೆ ಯಾರೂ ಪರ್ಮಿಟ್ ಕೊಡುವುದಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.