ದೊರೆಯ ನಾಯಿಗೆ ಗೋರಿ

ಚಿಕ್ಕಮಾದು ಟವೆಲ್ಲಿನೊಳಗೆ ಎರಡು ಕಜ್ಜಾಯ ಸುತ್ತಿಕೊಂಡು ಸಫಾರಿ ಬಸ್ಸು ಹತ್ತಿದ. ಕಾಡಿನೊಳಗೆ ತಿಂಡಿ ಒಯ್ಯಬಾರದೆಂದು ಗೇಟಿನಲ್ಲಿ ಬೋರ್ಡೇ ಇತ್ತು. ಇರಲಿ ಬಿಡಿ, ಬೋರ್ಡು ನೋಡಿ ಹೆಂಡತಿಯನ್ನು ಮರೆಯಲಾದೀತೇ?

ಈರಮ್ಮ ತೀರಿಕೊಂಡದ್ದು ಇದೇ ಕಾಡಿನ ಬಂಗಲೆಯಲ್ಲಿ, ಎಂಬತ್ತನೇ ಇಸವಿಯ ಸುಮಾರಿಗೆ. ಅವನಾಗ ಅಲ್ಲಿ ವಾಚರ್, ಅವಳು ಕಸ ಗುಡಿಸುವವಳು. ಒರತೆಯ ಪಕ್ಕ ಹೊಂಗೆ ಮರದಡಿ ಮಣ್ಣು ಮಾಡಿದ್ದರು. ಹಿರಿಯರ ಹಬ್ಬ ಬಂದಾಗಲೆಲ್ಲ ಅಲ್ಲೇ ಎಡೆ ಇಡುತ್ತಿದ್ದ. ಆಮೇಲೆ ರಿಟೈರಾಗಿ ಬೇಗೂರಿನ ಮಗಳ ಮನೆ ಸೇರಿದ. ಕಾಡಿಗೂ ಗೇಟು ಬಿತ್ತು. ಹನ್ನೊಂದು ವರ್ಷ ಎಡೆಯಿಲ್ಲ. ಈ ಸಲ ಎದೆನೋವೆಂದು ಆಸ್ಪತ್ರೆಗೆ ಹೋಗಿ ಬಂದವನೇ ಹಟ ಹಿಡಿದ.

"ಒಂದ್ಸಲ ಅವಳ ಗುಡ್ಡೆ ಮೇಲೆ ಎಡೆ ಮಡಗ್ಬುಟ್ಟು ಬತ್ತೀನಿ ಕಣಮ್ಮಿ. ಆಮೇಲೆ ನಾನು ಇದ್ರೆಷ್ಟು, ಓದ್ರೆಷ್ಟು."

ಮಗಳು ಅನು ಎರಡು ಟಿಕೆಟ್ ತೆಗೆಸಿದಳು.

ಬಸ್ಸು ಬಂಗಲೆಯ ಮುಂದೆ ನಿಂತಿತು. "ಐದು ನಿಮಿಷ ಇಳೀರಿ. ಬೇಟೆಗೆ ಬತ್ತಿದ್ದ ಇಂಗ್ಲಿಷ್ ದೊರೆ ತನ್ನ ನಾಯಿಗೆ ಕಟ್ಸಿದ ಗೋರಿ ಇದು" ಎಂದ ಗೈಡು. ಹೆಸರು ಕೆತ್ತಿದ ಕಲ್ಲು, ಸುಣ್ಣ ಬಳಿದ ಕಟ್ಟೆ, ಸುತ್ತ ಕಬ್ಬಿಣದ ಬೇಲಿ. ಜನ ನಾ ಮುಂದು ತಾ ಮುಂದು ಎಂದು ಫೋಟೊ ತೆಗೆಸಿಕೊಂಡರು. ಅಲ್ಲಾ, ಆ ನಾಯಿಯ ಪುಣ್ಯವೇ!

ಚಿಕ್ಕಮಾದು ಒರತೆಯತ್ತ ನಡೆದ. ಮೂವತ್ತು ಹೆಜ್ಜೆ ದೂರ. ಲಂಟಾನ ಆಳೆತ್ತರ ಬೆಳೆದು ಹೊಂಗೆಯ ತಲೆ ಮಾತ್ರ ಕಾಣುತ್ತಿತ್ತು. ಗಾರ್ಡು ಓಡಿಬಂದು ಅಡ್ಡ ನಿಂತ.

"ಅಲ್ಲಿಗೋಗ್ಬ್ಯಾಡ ತಾತ. ಆ ಪೊದೇಲಿ ಆನೆ ಮರಿ ಆಕೊಂಡು ನಿಂತದೆ."

"ಅಲ್ಲಿ ನನ್ನೆಡ್ತಿ ಅವ್ಳೆ ಕಣಪ್ಪ."

ಗಾರ್ಡು ಪೊದೆ ನೋಡಿದ, ಮುದುಕನ ಮುಖ ನೋಡಿದ. "ಕೈ ಮುಗೀತೀನಿ ತಾತ, ಬ್ಯಾಡ. ತುಳ್ದಾಕ್ಬುಡ್ತದೆ."

ಡ್ರೈವರು ಇಂಜಿನ್ ಚಾಲೂ ಮಾಡಿದ. ಇಷ್ಟು ಹತ್ತಿರ ಬಂದೂ ಅವಳ ಪಾಲಿಗೆ ಉಪವಾಸವೇ ಆಯಿತಲ್ಲ! "ಬಾಪ್ಪಾ, ಮನೇಲೇ ಎಡೆ ಇಕ್ಕನ" ಎಂದು ಅನು ರಟ್ಟೆ ಹಿಡಿದಳು. ಚಿಕ್ಕಮಾದು ಕೊಸರಿಕೊಂಡು ನಾಯಿಯ ಗೋರಿಯ ಬಳಿ ಹೋಗಿ, ಮಂಡಿಯೂರಿ, ಬೇಲಿಯೊಳಗೆ ಕೈ ತೂರಿಸಿ ಕಜ್ಜಾಯ ಇಟ್ಟ.

"ನಾಯಿಗೆ ಎಡೆ ಇಡ್ತಾವ್ನಲ್ಲಪ್ಪ ಮುದ್ಕ!" ಎಂದು ಬಸ್ಸಿನೊಳಗಿಂದ ಯಾರೋ ನಕ್ಕರು.

ಅವನು ಅತ್ತ ತಿರುಗಲೂ ಇಲ್ಲ. ಹೊಂಗೆ ಮರವನ್ನೇ ನೋಡುತ್ತ ಕರೆದ:

"ಈರೀ, ಇಲ್ಲಿಗೇ ಬಾ ಕಣೆ. ದಾರಿ ನಿಂಗೆ ಗೊತ್ತದೆ. ಆರು ವರ್ಸ ದಿನಾ ಬಂದು ಗುಡ್ಸ್ತಿದ್ದ ಜಾಗ ಅಲ್ವಾ ಇದು?"