ಕೆಂಪು ನೀರು ಏಳಲಿಲ್ಲ

ನಾನು ಒಂದು ಗಾಜಿನ ನಳಿಗೆ. ನನ್ನ ಎರಡು ಕಾಲುಗಳು ಕೆಳಗೆ ಕೂಡಿಕೊಂಡಿವೆ, ಒಳಗೆ ಅರ್ಧ ಲೋಟದಷ್ಟೂ ಇಲ್ಲದ ಕೆಂಪು ನೀರಿದೆ. ಗಾಜು ಊದುವವನೊಬ್ಬ ಬೆಂಕಿಯ ಮುಂದೆ ನನ್ನನ್ನು ಬಗ್ಗಿಸಿದ. ಆ ಬಿಸಿಯನ್ನು ಬಿಟ್ಟರೆ ಬಾಲ್ಯದ್ದು ಏನೂ ನೆನಪಿಲ್ಲ.

ನಂಜನಗೂಡಿನ ಹೊರಗಿದ್ದ ಬಾಗಿಲು ಮಾಡುವ ಕಾರ್ಖಾನೆಯ ಗೋಡೆಗೆ ನನ್ನನ್ನು ಜಡಿದರು. ಅಲ್ಲಿ ಮರ ಉಜ್ಜಿದಾಗ ಏಳುವ ಧೂಳನ್ನು ಒಂದು ದೊಡ್ಡ ಫ್ಯಾನು ಎಳೆದು ಬಟ್ಟೆಯ ಚೀಲಗಳಿಗೆ ತುಂಬುತ್ತಿತ್ತು. ಚೀಲದ ಈಚೆಗೊಂದು, ಆಚೆಗೊಂದು ರಬ್ಬರ್ ಕೊಳವೆ ಹಾಕಿ ನನ್ನ ಎರಡು ಬಾಯಿಗೂ ಸೇರಿಸಿದ್ದರು. ಚೀಲಕ್ಕೆ ಧೂಳು ಕಟ್ಟಿಕೊಂಡರೆ ನನ್ನ ಒಂದು ಕಾಲಿನಲ್ಲಿ ನೀರು ಏಳಬೇಕು. ಬಣ್ಣದ ಗೆರೆ ದಾಟಿದರೆ ಫ್ಯಾನು ನಿಲ್ಲಿಸಿ ಚೀಲ ಒದರಿ ಧೂಳು ಉದುರಿಸಬೇಕು. ಇಷ್ಟೇ ನನ್ನ ಕೆಲಸ. ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ನನ್ನನ್ನು ನಿಜವಾಗಿ ನೋಡುತ್ತಿದ್ದವನು ಬೆಳ್ಳಯ್ಯ ಒಬ್ಬನೇ. ಅವನು ಬಾಗಿಲುಗಳನ್ನು ಉಜ್ಜಿ ನುಣುಪು ಮಾಡುವವನು, ಮೊದಲೇ ದಮ್ಮಿನ ಮನುಷ್ಯ. ಇನ್ನು ಧೂಳು ಕುಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಬಂದವನೇ ನನ್ನ ಗಾಜು ಒರೆಸಿ, "ನನ್ ಉಸ್ರು ನಿನ್ ಕೈಲದೆ ಕನಪ್ಪ" ಅನ್ನುತ್ತಿದ್ದ.

ಆಯುಧಪೂಜೆ ಬಂತು. ಉಳಿ, ಗರಗಸ, ಸ್ಪ್ಯಾನರುಗಳನ್ನೆಲ್ಲ ತೊಳೆದು ಹಲಗೆಯ ಮೇಲೆ ಸಾಲಾಗಿ ಇಟ್ಟರು. ಬೆಳ್ಳಯ್ಯ ನನ್ನನ್ನು ಮರೆಯಲಿಲ್ಲ. ಚೀಲದ ಈಚೆಗಿನ ಕೊಳವೆಯ ತುದಿಯಲ್ಲಿದ್ದ ಪುಟ್ಟ ಹಿತ್ತಾಳೆ ಮೂತಿಯನ್ನು ಬಿಚ್ಚಿ, ಹುಣಸೆಹಣ್ಣು ಹಾಕಿ ಉಜ್ಜಿ, ದಪ್ಪಗೆ ಗಂಧ ಹಚ್ಚಿ ಕುಂಕುಮ ಇಟ್ಟ. ಎಲ್ಲರಿಗಿಂತ ಹೆಚ್ಚು ಗಂಧ ನನಗೇ. ಆಮೇಲೆ ಅದನ್ನು ಒರೆಸದೆ, ಹಾಗೇ ಭಕ್ತಿಯಿಂದ ಮತ್ತೆ ಸಿಕ್ಕಿಸಿದ. ಗಂಧ ತೂತಿನೊಳಗೆ ಒಣಗಿ ಗಟ್ಟಿಯಾಯಿತು.

ಅಂದಿನಿಂದ ನನ್ನ ನೀರು ಉಗುರಿನಷ್ಟು ಕದಲುತ್ತಿತ್ತು, ಅಷ್ಟೇ. ಚೀಲಗಳು ಬಿಗಿದುಕೊಂಡವು. ಕಿಟಕಿಯ ಸರಳಿನ ಮೇಲೆ ಧೂಳು ಕೂತಿತು. ಬೆಳ್ಳಯ್ಯ ಕೆಮ್ಮುತ್ತ ಬಂದು ನನ್ನನ್ನು ನೋಡುತ್ತಿದ್ದ, ನೋಡಿ ಸಮಾಧಾನದಿಂದ ಹೋಗುತ್ತಿದ್ದ. ಒಮ್ಮೆ ಮಾಲೀಕ ಮೌನೇಶಾಚಾರರಿಗೆ, "ಚೀಲ ಒದರ್ಬುಡವಾ ಸ್ವಾಮಿ?" ಎಂದ.

"ನೀರೇ ಎದ್ದಿಲ್ವಲ್ಲೋ, ಸುಮ್ನೆ ಯಾಕೆ ನಿಲ್ಲಿಸ್ತೀಯಾ?"

"ಅದೂ ನಿಜವೇಯ. ಪೂಜೆ ಆದ್ಮೇಲೆ ಮಿಶನ್ನು ಸುದ್ದವಾಗ್ಯದೆ" ಎಂದು ಮೂಗಿಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚಿಟ್ಟ. ನಾನು ಕೂಗಬೇಕಿತ್ತು. ನನಗಿದ್ದ ಮಾತು ನೀರು ಒಂದೇ, ಅದು ಏಳಲಿಲ್ಲ.

ಆಷಾಢದಲ್ಲಿ ಬೆಳ್ಳಯ್ಯ ನನ್ನೆದುರೇ ಕುಸಿದ. ಎದೆ ಸೀಟಿ ಹೊಡೆಯುತ್ತಿತ್ತು. ಬೀಳುವಾಗಲೂ ಅವನ ಕಣ್ಣು ನನ್ನ ಗೆರೆಯ ಮೇಲೆಯೇ ಇತ್ತು. ಆಸ್ಪತ್ರೆಯಿಂದ ಅವನು ಮರಳಲಿಲ್ಲ.

ತಿಂಗಳಾದ ಮೇಲೆ ರಿಪೇರಿಯವನು ಬಂದು ಮೂತಿ ಬಿಚ್ಚಿ ತಂತಿ ಚುಚ್ಚಿದ. ಮೌನೇಶಾಚಾರರ ಅಂಗೈ ಮೇಲೆ ಗಂಧದ ಪುಡಿ ಉದುರಿತು. ಅವರು ಅಂಗೈ ಒರೆಸಿಕೊಂಡರು. "ಅವನ ಮನೆಯವ್ರಿಗೆ ಇದು ಗೊತ್ತಾಗೋದು ಬೇಡ" ಎಂದರು. ನನ್ನ ಜಾಗಕ್ಕೆ ಕೂಗುವ ಮೀಟರು ಬಂತು.

ಬೆಳ್ಳಯ್ಯನ ಹೆಂಡತಿ ಚಿಕ್ಕತಾಯಮ್ಮ ಅವನ ಬಟ್ಟೆಬರೆ ಒಯ್ಯಲು ಬಂದವಳು ನನ್ನನ್ನೂ ಕೇಳಿದಳು. "ದಿನಾ ಇದರ ಸುದ್ದಿಯೇ ಯೋಳೋರು. ನನಗೆ ಕೊಟ್ಬುಡಿ." ಮೌನೇಶಾಚಾರರು ಅವಳ ಮುಖ ನೋಡದೆ ಕೊಟ್ಟರು.

ಈಗ ನಾನು ಅವಳ ಮನೆಯಲ್ಲಿ, ಬೆಳ್ಳಯ್ಯನ ಫೋಟೋ ಪಕ್ಕದಲ್ಲಿದ್ದೇನೆ. ಕೊಳವೆ, ಹಿತ್ತಾಳೆ ಮೂತಿ ಎಲ್ಲ ಇವೆ. ಬಾಗಿಲಿನಿಂದ ಗಾಳಿ ನುಗ್ಗಿದಾಗ ನೀರು ಒಂದಿಷ್ಟು ಏರಿ ಇಳಿಯುತ್ತದೆ. ಚಿಕ್ಕತಾಯಮ್ಮ ಕೆಲಸ ಬಿಟ್ಟು ಬಂದು ನಿಲ್ಲುತ್ತಾಳೆ. "ಉಸ್ರಾಡ್ತಾವ್ರೆ" ಎನ್ನುತ್ತಾಳೆ. ನನಗೂ ಒಮ್ಮೊಮ್ಮೆ ಹಾಗೇ ಅನ್ನಿಸಿ ಹೆದರಿಕೆಯಾಗುತ್ತದೆ. ಆ ಏರಿಳಿತದಲ್ಲಿ ಅವನ ಕೆಮ್ಮು ಕೇಳುತ್ತದೆ.

ಇವತ್ತು ಮತ್ತೆ ಆಯುಧಪೂಜೆ. ಅವಳು ಹಿತ್ತಾಳೆ ಮೂತಿಯನ್ನು ಹುಣಸೆಹಣ್ಣಿನಿಂದ ಉಜ್ಜಿದಳು. ಫೋಟೋಗೆ ಗಂಧ ಇಟ್ಟು, ಉಳಿದದ್ದನ್ನೆಲ್ಲ ಬೆರಳಲ್ಲಿ ಬಳಿದುಕೊಂಡು, ಅವನು ಹಚ್ಚಿದ್ದಂತೆಯೇ ದಪ್ಪಗೆ ನನ್ನ ಮೂತಿಗೆ ಹಚ್ಚಿದಳು.

ಹೊರಗೆ ಜೋರಾಗಿ ಗಾಳಿ ಬೀಸುತ್ತಿದೆ. ಚಿಕ್ಕತಾಯಮ್ಮ ನನ್ನ ಮುಂದೆ ಕೂತು ನೀರು ಏಳುವುದನ್ನು ಕಾಯುತ್ತಿದ್ದಾಳೆ.